ರಾಹುಕಾಲ ತಪ್ಪಿಸಿಕೊಂಡು ಬಂದ ಮೆಸೇಜು

ನಮ್ಮ ಸಮಾಜದ ಸಂಘದ ಅಧ್ಯಕ್ಷರು ದಾರಿಯಲ್ಲಿ ಎದುರಾದರೆ ನಾನು ಈಗಲೂ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತೇನೆ. ದೊಡ್ಡವರು, ಗುಬ್ಬಿಯಲ್ಲಿ ತೆಂಗಿನಕಾಯಿ ಮಂಡಿ ಇಟ್ಟವರು, ಊರೆಲ್ಲ ಕೈಮುಗಿಯುವ ಮನುಷ್ಯ. ನಾನು ಮುಗಿಯುವುದಿಲ್ಲ. ಕಾರಣ ಕೇಳಿದವರಿಗೆ ಒಂದು ವೆಬ್‌ಸೈಟಿನ ವಿಷಯ ಎಂದರೆ ನಗುತ್ತಾರೆ. ನಗಲಿ.

ಹಿರೇಹಳ್ಳಿಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ನನಗೆ ಕೆಲಸ. ಬಿಡುವಿನಲ್ಲಿ ಸಂಘದ ವೆಬ್‌ಸೈಟನ್ನೂ ನೋಡಿಕೊಳ್ಳುತ್ತಿದ್ದೆ, ಪುಕ್ಕಟೆಯಾಗಿ. ಮದುವೆ, ನಾಮಕರಣ, ಸಾವು, ಏನೇ ಆದರೂ ತುಮಕೂರಿನ ಸಂಘದ ಆಫೀಸಿಗೆ ಫೋನ್ ಬರುತ್ತದೆ, ಅಲ್ಲಿಯ ಗುಮಾಸ್ತರು ಅದನ್ನು ಸೈಟಿಗೆ ಹಾಕುತ್ತಾರೆ. ಆಮೇಲಿನದು ಯಾರೂ ಮುಟ್ಟದೆ ತಾನಾಗಿ ನಡೆಯುವ ಕೆಲಸ. ನಾವು ಗೊತ್ತು ಮಾಡಿಟ್ಟ ಹೊತ್ತಿಗೆ ಸೈಟು ಎದ್ದು, ಹೊಸದೇನಿದೆ ಎಂದು ನೋಡಿ, ಸದಸ್ಯರ ಮೊಬೈಲಿಗೆಲ್ಲ ಮೆಸೇಜು ಕಳಿಸಿ ಮತ್ತೆ ಮಲಗುತ್ತದೆ. ಎಷ್ಟು ಹೊತ್ತಿಗೊಮ್ಮೆ ಏಳಬೇಕು ಎನ್ನುವುದನ್ನು ನಾನೇ ಕೂತು ಯೋಚಿಸಿದ್ದೆ. ನಿಮಿಷಕ್ಕೊಮ್ಮೆ ಎಬ್ಬಿಸಿದರೆ ನಮ್ಮ ಅಗ್ಗದ ಸರ್ವರ್ ಏದುಸಿರು ಬಿಡುತ್ತದೆ. ದಿನಕ್ಕೆರಡು ಸಲ ಸಾಕೆಂದರೆ ಸಾವಿನ ಸುದ್ದಿ ಹಳಸುತ್ತದೆ. ನಮ್ಮಲ್ಲಿ ಹೋದವರನ್ನು ಹೆಚ್ಚು ಹೊತ್ತು ಕಾಯಿಸುವುದಿಲ್ಲ. ಬೆಳಿಗ್ಗೆ ಹೋದರೆ ಹೊತ್ತು ಮುಳುಗುವುದರೊಳಗೆ ಸಮಾಧಿ. ಹಾಗಾಗಿ ಹತ್ತು ನಿಮಿಷಕ್ಕೊಮ್ಮೆ ಎಂದು ಇಟ್ಟೆ. ಯಾರಿಗೂ ತೊಂದರೆಯಾಗಲಿಲ್ಲ.

ಕುಣಿಗಲ್ಲಿನಲ್ಲಿರುವ ನನ್ನಮ್ಮ ಈ ಮೆಸೇಜಿಗಾಗಿಯೇ ಮೊಬೈಲು ಒತ್ತಲು ಕಲಿತವಳು. ಅವಳ ಅಕ್ಕ, ನನ್ನ ದೊಡ್ಡಮ್ಮ, ಇದ್ದದ್ದು ಸಿ.ಎಸ್. ಪುರದ ಕಡೆ. ನನ್ನ ಮದುವೆಯಲ್ಲಿ ತಮ್ಮನ್ನು ಸರಿಯಾಗಿ ಮಾತಾಡಿಸಲಿಲ್ಲ, ಊಟಕ್ಕೆ ಏಳಿಸಲಿಲ್ಲ ಎಂದು ದೊಡ್ಡಮ್ಮನ ಗಂಡುಮಕ್ಕಳು ಮುನಿಸಿಕೊಂಡು ಮಾತು ಬಿಟ್ಟಿದ್ದರು. ಅಕ್ಕತಂಗಿಯರ ನಡುವೆ ಮುನಿಸೇನೂ ಇರಲಿಲ್ಲ, ಆದರೆ ದೊಡ್ಡಮ್ಮನ ಕೈಯಲ್ಲಿ ಫೋನೂ ಇರಲಿಲ್ಲ. ನನ್ನ ನಂಬರನ್ನೂ ಸೇರಿಸು ಎಂದು ಅಮ್ಮನೇ ಹಟ ಹಿಡಿದಳು.

“ಆ ಹುಡುಗ್ರು ನಂಗೆ ಹೇಳ್ಕಳಿಸಲ್ಲ ಕಣೇ. ಅಕ್ಕಂಗೇನಾದ್ರೂ ಆದ್ರೆ ನಿನ್ ಸೈಟ್ನಾಗೇ ತಿಳೀಬೇಕು. ಮುಖ ಒಂದ್ ನೋಡಿದ್ರೆ ಸಾಕು.”

ಅಲ್ಲಿಂದ ಮುಂದೆ ಅಮ್ಮ ಬಂದ ಒಂದೊಂದು ಮೆಸೇಜನ್ನೂ ಕನ್ನಡಕ ಹಾಕಿಕೊಂಡು ಓದುತ್ತಿದ್ದಳು.

ಇಷ್ಟರಲ್ಲಿ ಅಧ್ಯಕ್ಷರ ಮೊಮ್ಮಗಳಿಗೆ ಗಂಡು ಗೊತ್ತಾಯಿತು. ನಿಶ್ಚಿತಾರ್ಥದ ಕರೆಯೋಲೆಯನ್ನು ಸೈಟು ಎಂದಿನಂತೆ ಕಳಿಸಿತು. ಆಮೇಲೆ ಸಂಬಂಧ ಮುರಿಯಿತು. ಹುಡುಗನ ಮನಸ್ಸು ಬೇರೆ ಕಡೆ ಇತ್ತೆಂದು ಗುಬ್ಬಿಯ ಸಂತೆಗೆಲ್ಲ ಗೊತ್ತಿತ್ತು. ಅಧ್ಯಕ್ಷರು ಮಾತ್ರ ಕ್ಯಾಲೆಂಡರ್ ತಿರುವಿ, ಕರೆಯೋಲೆ ಹೋದದ್ದು ರಾಹುಕಾಲದಲ್ಲಿ ಎಂದು ಪತ್ತೆ ಹಚ್ಚಿದರು. ಹುಡುಗ ತಪ್ಪಿಸಿಕೊಂಡ, ನಾನು ಸಿಕ್ಕಿಬಿದ್ದೆ.

ಸಂಘದ ಸಭೆಯಲ್ಲಿ ಆ ಕ್ಯಾಲೆಂಡರನ್ನು ಮೇಜಿನ ಮೇಲೆ ಹರಡಿ ಕೂತರು. ರಾಹುಕಾಲದಲ್ಲಿ ಕಳಿಸಕೂಡದು, ಯಮಗಂಡ, ಗುಳಿಕವೂ ಬೇಡ. ಇವು ದಿನಕ್ಕೊಂದು ಹೊತ್ತಿಗೆ ಬರುತ್ತವೆ, ಲೆಕ್ಕ ಇಡುವುದು ತಲೆನೋವು. ಅದಕ್ಕೆ ಅವರೇ ದಾರಿ ಕಂಡುಹಿಡಿದರು: ಮೂರೂ ಬರುವುದು ಹಗಲಿನಲ್ಲಿ ತಾನೆ, ಹಗಲೇ ಬೇಡ. ಸೂರ್ಯ ಹುಟ್ಟುವ ಮುಂಚೆ ಒಂದು ಸಲ, ಮುಳುಗಿದ ಮೇಲೆ ಒಂದು ಸಲ. ಸಭೆ ತಲೆದೂಗಿತು. ಕೊರಳಲ್ಲಿ ಲಿಂಗ ಇದ್ದವರಿಗೆ ರಾಹುವಿಲ್ಲ ಕೇತುವಿಲ್ಲ ಎಂದು ಮಠದ ಹಾಸ್ಟೆಲಿನಲ್ಲಿ ಕೇಳಿಕೊಂಡು ಬೆಳೆದ ಗಂಡಸರು ಒಬ್ಬರೂ ಉಸಿರೆತ್ತಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಮದುವೆ ಸುದ್ದಿ ನಿಮ್ಮಿಷ್ಟದಂತೆ ಹೋಗಲಿ, ಸಾವಿನದ್ದನ್ನಾದರೂ ಬೇರೆ ಮಾಡಿ ಹತ್ತು ನಿಮಿಷಕ್ಕೇ ಬಿಡುತ್ತೇನೆ ಎಂದೆ.

“ಸತ್ತೋರ್ಗೇನಮ್ಮ ಅರ್ಜೆಂಟು?” ಎಂದರು ಅಧ್ಯಕ್ಷರು. ಸಭೆ ನಕ್ಕಿತು.

ನಾನು ಬದಲಾಯಿಸುವುದಿಲ್ಲ ಎಂದು ಎದ್ದುಬಂದೆ. ಸಂಜೆಯೊಳಗೆ ಪಾಸ್‌ವರ್ಡು ಅವರ ಅಳಿಯನ ಕೈ ಸೇರಿತ್ತು. ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಆತ ಮಾವ ಹೇಳಿದ ಹಾಗೇ ಮಾಡಿದ. ನನಗೆ ಉಳಿದದ್ದು ಫೋಟೋ ಹಾಕುವ ಕೆಲಸ.

ದೊಡ್ಡಮ್ಮ ಹೋದದ್ದು ಮುಂಗಾರಿನ ಒಂದು ಬೆಳಿಗ್ಗೆ. ತಿಂಡಿ ಹೊತ್ತಿಗೇ ಸಿ.ಎಸ್. ಪುರದಿಂದ ಯಾರೋ ಸಂಘಕ್ಕೆ ಫೋನ್ ಮಾಡಿದ್ದರು, ಗುಮಾಸ್ತರು ಆಗಲೇ ಸೈಟಿಗೆ ಹಾಕಿದ್ದರು. ಮಕ್ಕಳೇ ತಮ್ಮ ಚಿಕ್ಕಮ್ಮನಿಗೆ, ಅಂದರೆ ನನ್ನಮ್ಮನಿಗೆ, ಹೇಳಿರುತ್ತಾರೆ ಎಂದು ಊರಿನವರು ಅಂದುಕೊಂಡರು. ಮಕ್ಕಳು ಹೇಳಲಿಲ್ಲ. ಸುದ್ದಿ ಇಡೀ ಹಗಲು ಸೈಟಿನೊಳಗೆ ಕೂತಿತ್ತು. ನಾನು ಹಿರೇಹಳ್ಳಿಯಲ್ಲಿ ಬಿಲ್ಲು ಬರೆಯುತ್ತಿದ್ದೆ, ಅಮ್ಮ ಕುಣಿಗಲ್ಲಿನಲ್ಲಿ ಅವರೆಕಾಳು ಹಸನು ಮಾಡುತ್ತಿದ್ದಳು. ಅಲ್ಲಿಂದ ಸಿ.ಎಸ್. ಪುರಕ್ಕೆ ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ? ಮಧ್ಯಾಹ್ನದ ಮೇಲೆ ಹೊರಟಿದ್ದರೂ ಸಿಗುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಮೆಸೇಜು ಬಂತು. ಈ ದಿನ ಸಂಜೆ ನಾಲ್ಕಕ್ಕೆ ಅವರ ತೋಟದಲ್ಲಿ ಅಂತ್ಯಕ್ರಿಯೆ, ಸಮಾಜ ಬಾಂಧವರು ಬಂದು ಅಂತಿಮ ದರ್ಶನ ಪಡೆಯಬೇಕಾಗಿ ವಿನಂತಿ ಎಂದಿತ್ತು. ನಾನು ಬಸ್ಸು ಹಿಡಿದು ಕುಣಿಗಲ್ಲಿಗೆ ಓಡಿದೆ. ಅಮ್ಮ ಅಳುತ್ತಿರಲಿಲ್ಲ. ಹೊಸ ಸೀರೆಯೊಂದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಅಕ್ಕನಿಗೆ ಹೊದಿಸಲೆಂದು ಎಂದೋ ತಂದು ಪೆಟ್ಟಿಗೆಯಲ್ಲಿ ಇಟ್ಟಿದ್ದಳಂತೆ. ನನಗೆ ಗೊತ್ತೇ ಇರಲಿಲ್ಲ.

“ಇದ್ನ ಕಳ್ಸೋದು ನೀನೇ ಅಲ್ವೇನೇ?” ಎಂದು ಮೊಬೈಲನ್ನು ನನ್ನ ಕಡೆ ಚಾಚಿದಳು.

ಪಾಸ್‌ವರ್ಡು, ಅಳಿಯ, ರಾಹುಕಾಲ, ಏನನ್ನು ಹೇಳಲಿ ಅವಳಿಗೆ?

ಮಾರನೇ ದಿನ ಗುಬ್ಬಿಯ ಮಂಡಿಗೆ ಹೋದೆ. ಕಾಯಿ ಎಣಿಸುವವರ ಮುಂದೆಯೇ ನಡೆದದ್ದನ್ನೆಲ್ಲ ಹೇಳಿದೆ. ದನಿ ತಗ್ಗಿಸಲಿಲ್ಲ. ಅಧ್ಯಕ್ಷರು ಎಲ್ಲ ಕೇಳಿಸಿಕೊಂಡು ಎಲೆಯಡಿಕೆಯನ್ನು ದವಡೆಗೆ ಸರಿಸಿದರು.

“ಬೇಗ ಕಳ್ಸಿದ್ರೆ ಆಯಮ್ಮ ಎದ್ದು ಕೂತ್ಕೋತಿತ್ತಾ? ಹೋಗ್ಲಿ ಬುಡಮ್ಮ, ಸಾವಿಂದ್ ಬೇಕಾದ್ರೆ ಬೇರೆ ಮಾಡ್ಕೋ.”

ನಾನು ಅಂದೇ ಸಭೆಯಲ್ಲಿ ಕೇಳಿದ್ದೂ ಅದನ್ನೇ. ಆ ಬಾಯಿಗೆ ಏನಾದರೂ ತುರುಕಬೇಕು ಎನ್ನಿಸುವಷ್ಟು ಸಿಟ್ಟು ಬಂತು. ಅಲ್ಲಾಡದೆ ನಿಂತೆ. ಅಳಿಯನಿಗೆ ಫೋನ್ ಹೋಯಿತು, ಪಾಸ್‌ವರ್ಡು ಬಂತು. ಮಂಡಿಯ ಕಾಯಿ ಮೂಟೆಯ ಮೇಲೆ ಕೂತು ಸಾವಿನ ಸುದ್ದಿಯನ್ನು ಬೇರೆ ಮಾಡಿದೆ, ಹತ್ತಲ್ಲ, ಐದು ನಿಮಿಷಕ್ಕೊಮ್ಮೆ. ಸರ್ವರ್ ಏದುಸಿರು ಬಿಟ್ಟರೆ ಬಿಡಲಿ. ಮದುವೆಯದು ಇವತ್ತಿಗೂ ರಾಹುಕಾಲ ತಪ್ಪಿಸಿಕೊಂಡೇ ಹೋಗುತ್ತದೆ, ಸಂಬಂಧಗಳು ಮುರಿಯುವಂತೆ ಮುರಿಯುತ್ತವೆ.

ಅಲ್ಲಿಂದ ನೇರ ಕುಣಿಗಲ್ಲಿಗೆ ಹೋಗಿ, ಇನ್ನು ಮೇಲೆ ಐದು ನಿಮಿಷದೊಳಗೆ ಗೊತ್ತಾಗುತ್ತದೆ ಎಂದು ಅಮ್ಮನಿಗೆ ಹೇಳಿದೆ. ಅವಳು ಆ ಸೀರೆಯನ್ನು ಮಡಿಸಿ ಪೆಟ್ಟಿಗೆಗೆ ಹಾಕುತ್ತಿದ್ದಳು.

“ನನ್ ನಂಬರ್ ತೆಗ್ದ್ಬುಡು,” ಎಂದಳು. “ನಾನ್ ಕಾಯ್ತಿದ್ದಿದ್ದು ಒಂದೇ ಮೆಸೇಜಿಗೆ.”