ಹಿಂಡ್ರಿಕ್ ಎಳೆದ ತಂತಿ

ನಮ್ಮ ಡ್ರೆಂಟೆ ಸೀಮೆಯ ಆಂಟೆನಾ ಬಯಲಲ್ಲಿ ಹುಲ್ಲು ಕತ್ತರಿಸುವುದು, ಇಲಿ ಕಡಿದ ಕೇಬಲ್ ಹುಡುಕುವುದು ಹಿಂಡ್ರಿಕ್ ಬೂಲೆನ್ಸ್‌ನ ಕೆಲಸ. ಅಲ್ಲಿನ ಕಾಫಿ ಕೋಣೆ ನಡೆಸುವವಳು ನಾನು. ಮನೆಯೂ ಅವನ ಪಕ್ಕದ್ದೇ. ಅವನು ಮಾತಿಗೆ ಮಹಾ ಜಿಪುಣ. ಹೆಂಡತಿ ತೀರಿಕೊಂಡ ಮೇಲೆ ಹದಿನಾಲ್ಕು ಕುರಿಗಳೇ ಅವನ ಸಂಸಾರ.

ಆಕಾಶದಾಚೆಯಿಂದ ಬಂದ ಕಾಸ್ಮಿಕ್ ಕಿರಣ ಗಾಳಿಗೆ ಬಡಿದಾಗ ಕ್ಷಣದ ರೇಡಿಯೊ ಸಿಡಿತ ಹುಟ್ಟುತ್ತದೆ. ಆಂಟೆನಾಗಳು ಅದನ್ನು ಹಿಡಿಯುತ್ತವೆ. ವಿದ್ಯುತ್ ಬೇಲಿಯ ಕಿಡಿಯೂ ಹಾಗೇ ಸಿಡಿಯುವುದರಿಂದ ಬಯಲಿನ ಸುತ್ತ ಅಂಥ ಬೇಲಿ ಹಾಕುವಂತಿಲ್ಲ. ಆ ನಿಯಮವನ್ನು ಊರಿಗೆಲ್ಲ ಓದಿ ಹೇಳಿದವನೇ ಹಿಂಡ್ರಿಕ್. ಆ ವಸಂತದಲ್ಲಿ ಕುರಿಮರಿಗಳು ಕಾಲುವೆಗೆ ಬೀಳುತ್ತವೆಂದು ಬಯಲಿನ ಪೂರ್ವದಂಚಿಗೆ ವಿದ್ಯುತ್ ತಂತಿ ಎಳೆದವನೂ ಅವನೇ. ನಾನು ಕಂಡೆ. ನೆರೆಯವರ ಮೇಲೆ ಚಾಡಿ ಹೇಳುವುದು ನಮ್ಮಲ್ಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡೆ.

ಏಪ್ರಿಲ್ ಕೊನೆಗೆ ಸಂಶೋಧಕಿ ಅನ್ನೆಲೂಸ್ ಎಂದಿನಂತೆ ಕಾಫಿಗೆ ಬಂದು ಹಿಂಡ್ರಿಕ್‌ನ ಪಕ್ಕ ಕೂತಳು. ಮೂರು ವರ್ಷದಿಂದ ಆ ಸಿಡಿತಗಳನ್ನೇ ಹುಡುಕುತ್ತಿದ್ದವಳು.

"ಪೂರ್ವದ ಆಂಟೆನಾಗಳು ಬರೀ ಕಸ ಕೊಡ್ತಿವೆ ಮಾರಾಯ. ಆ ಕಡೆ ಯಾರಾದ್ರೂ ಹೊಸದಾಗಿ ಏನಾದ್ರೂ ಹಾಕಿದ್ದಾರಾ?"

"ಏನೂ ಇಲ್ಲ," ಎಂದ ಹಿಂಡ್ರಿಕ್. "ನಿಮ್ಮ ಆಂಟೆನಾ ಪೆಟ್ಟಿಗೆಗಳಿಗೂ ವಯಸ್ಸಾಗಿರಬೇಕು, ನನ್ನ ಹಾಗೆ."

ಅವಳು ನಕ್ಕಳು. ನಾನು ಲೋಟ ತೊಳೆಯುತ್ತ ನಿಂತೆ. ಅಂದೇ ಅವನು ತಂತಿ ಕಿತ್ತ.

ಜೂನ್‌ನಲ್ಲಿ ಕಾಫಿ ಕುಡಿಯುತ್ತ ಅವಳೇ ನಮಗೆ ಹೇಳಿದಳು: ಪೆಟ್ಟಿಗೆ ಯಾವಾಗ ಕೆಟ್ಟಿತೋ ತಿಳಿಯದೆ ಪೂರ್ವದ ಏಪ್ರಿಲ್ ದಾಖಲೆಯನ್ನೆಲ್ಲ ಅಳಿಸಿಬಿಟ್ಟಿದ್ದಳಂತೆ. "ಮೂರು ವರ್ಷದಲ್ಲೇ ದೊಡ್ಡ ಸಿಡಿತ ಆ ತಿಂಗಳೇ ಸಿಕ್ಕಿತ್ತು. ಆ ಆಂಟೆನಾಗಳಿಲ್ಲದೆ ಅದು ಎಲ್ಲಿಂದ ಬಂತು ಅಂತಾನೇ ಹೇಳಕ್ಕಾಗಲ್ಲ. ಪ್ರಬಂಧದಿಂದ ಕೈಬಿಟ್ಟೆ."

ಹಿಂಡ್ರಿಕ್‌ನ ಮುಖ ಸುಣ್ಣವಾಯಿತು. "ಅದು ಪೆಟ್ಟಿಗೆ ಅಲ್ಲ, ನನ್ನ ಬೇಲಿ. ನಿಂಗೆ ಸುಳ್ಳು ಹೇಳಿದೆ."

ಅವಳು ಲೋಟ ಕೆಳಗಿಟ್ಟಳು. "ಯಾವತ್ತು ಹಾಕಿದ್ದು?"

ಅವನು ಮನೆಗೆ ಓಡಿ, ನಮ್ಮಲ್ಲಿ ಎಲ್ಲರೂ ಪಾಯಿಖಾನೆ ಗೋಡೆಗೆ ತೂಗುಹಾಕುವ, ನೆಂಟರ ಹುಟ್ಟುಹಬ್ಬ ಬರೆದಿಡುವ ಕ್ಯಾಲೆಂಡರನ್ನೇ ಕಿತ್ತು ತಂದ. ಏಪ್ರಿಲ್ ಒಂಬತ್ತನೇ ತಾರೀಖಿಗೆ, ತಂಗಿಯ ಹೆಸರಿನ ಕೆಳಗೆ, 'ತಂತಿ' ಎಂದು ಗೀಚಿದ್ದ.

"ದೊಡ್ಡದು ಬಂದಿದ್ದು ಆರನೇ ತಾರೀಖು," ಎಂದಳು. "ಅವತ್ತು ಎಲ್ಲಾ ಸರಿಯಾಗೇ ಇತ್ತು ಹಿಂಡ್ರಿಕ್. ಕೇಳಿದಾಗ್ಲೇ ಹೇಳಿದ್ದಿದ್ರೆ ಒಂಬತ್ತರ ಹಿಂದಿನ ದಾಖಲೆ ಉಳಿಸ್ಕೊಳ್ತಿದ್ದೆ."

ಕೂಗಾಡಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಚೀಲ ಎತ್ತಿಕೊಂಡು ಹೊರಟಳು. ನನಗೆ ತಲೆಯೆತ್ತಲಾಗದಷ್ಟು ನಾಚಿಕೆ.

"ನೀನು ಆ ತಂತಿ ನೋಡಿದ್ದೆ ಅಲ್ವಾ, ಫೆಮ್ಮಿ?" ಎಂದು ಹಿಂಡ್ರಿಕ್ ನನ್ನನ್ನು ಕೇಳಿದ.

"ನೋಡಿದ್ದೆ."

"ಮತ್ಯಾಕೆ ಬಾಯಿ ಬಿಡಲಿಲ್ಲ?"

"ನೆರೆಯವನು ಅಂತ."

ಅವನು ಅವಳ ಖಾಲಿ ಕುರ್ಚಿಯನ್ನು ನೋಡಿದ. ಮೂರು ವರ್ಷ ಅವಳೂ ನಮ್ಮ ಪಕ್ಕದಲ್ಲೇ ಕೂತಿದ್ದಳು.