ಬಾಗಿಲಿಗೆ ಬೊಟ್ಟಿಟ್ಟ ಕೆಂಚಣ್ಣ

ಹೊಳಲ್ಕೆರೆಯ ನಮ್ಮ ಬೀದಿಯ ದರ್ಜಿ ಕೆಂಚಣ್ಣ ಹೋಮ್ ಗಾರ್ಡ್ ಸೇರಿದಾಗ, ಊರಿಗೆಲ್ಲ ಹೊಲಿದು ಬೇಜಾರಾಗಿ ತನಗೊಂದು ಖಾಕಿ ಹೊಲಿದುಕೊಂಡ ಎಂದು ಗೇಲಿ ಮಾಡಿದವನು ನಾನೇ. ಚಿತ್ರದುರ್ಗದಲ್ಲಿ ತರಬೇತಿ ಮುಗಿಸಿ ಬಂದವನೇ ಮನೆಮನೆಯ ಬಾಗಿಲ ಚೌಕಟ್ಟಿಗೆ ಸುಣ್ಣದ ಬೊಟ್ಟಿಡತೊಡಗಿದ. ಮಗುವಿಗೊಂದು ಬೊಟ್ಟು, ನಡೆಯಲಾರದ ಮುದುಕರಿಗೊಂದು ಗೆರೆ. ಬೆಂಕಿ ಬಿದ್ದರೆ ಒಳಗೆ ಯಾರ್ಯಾರನ್ನು ಹುಡುಕಬೇಕೆಂದು ಫೈರ್ ಇಂಜಿನ್ನಿನವರಿಗೆ ತಿಳಿಯಲಿ ಅಂತ. ಸುಣ್ಣದ ಡಬ್ಬಿ ಹಿಡಿದು ಹಿಂದೆ ಹೋದವನು ನಾನು; ಇದಕ್ಕಿಂತ ದೊಡ್ಡ ಜವಾಬ್ದಾರಿಯನ್ನು ಊರು ನನಗೆ ಕೊಟ್ಟಿದ್ದಿಲ್ಲ.

ಅದು ಎಪ್ಪತ್ತಾರನೇ ಇಸವಿ, ಎಮರ್ಜೆನ್ಸಿ ಕಾಲ. ಮೂರು ಮಕ್ಕಳಿದ್ದವರನ್ನು ಪೊಲೀಸರು ಜೀಪಿನಲ್ಲಿ ಹಾಕಿಕೊಂಡು ಮಕ್ಕಳಾಗದ ಆಪರೇಷನ್ನಿಗೆ ಒಯ್ಯುತ್ತಾರೆಂಬ ಸುದ್ದಿ ಹಬ್ಬಿತ್ತು. ಬೆಳಗಾಗುವಷ್ಟರಲ್ಲಿ ಎಲ್ಲ ಬಾಗಿಲುಗಳಲ್ಲೂ ಎರಡೇ ಬೊಟ್ಟು ಉಳಿದಿದ್ದವು. ಮದುವೆಯೇ ಆಗದ ಮುರುಗಪ್ಪ ಮಾತ್ರ, ಮಕ್ಕಳ ಲೆಕ್ಕಕ್ಕೆ ಹಾಲಿನ ಪುಡಿ ಕೊಡುತ್ತಾರಂತೆ ಎಂದು ತಾನೇ ನಾಲ್ಕು ಇಟ್ಟುಕೊಂಡಿದ್ದ.

ಒಂದು ಮಧ್ಯಾಹ್ನ ಜುಂಜಮ್ಮನ ಮನೆಗೆ ಬೆಂಕಿ ಹತ್ತಿತು. ಮಗ ಸೊಸೆ ಅಡಿಕೆ ಮಂಡಿಗೆ ಕೂಲಿಗೆ ಹೋಗಿದ್ದರು. ಫೈರ್ ಇಂಜಿನ್ ಚಿತ್ರದುರ್ಗದಿಂದ ಬರಬೇಕು. ಕೆಂಚಣ್ಣ ಒದ್ದೆ ಗೋಣಿಚೀಲ ಹೊದ್ದು ನುಗ್ಗಿ ಮುದುಕಿಯನ್ನೂ ಎರಡು ಮಕ್ಕಳನ್ನೂ ಹೊರಗೆ ತಂದ. ಬಾಗಿಲಲ್ಲಿ ಎರಡು ಬೊಟ್ಟು, ಅಂಗಳದಲ್ಲಿ ಎರಡು ಮಕ್ಕಳು. ಲೆಕ್ಕ ಸರಿಹೋಯಿತು ಎಂದೆ ನಾನು.

ಕೆಂಚಣ್ಣನಿಗೆ ಅನುಮಾನ. ತಾನು ಇಲ್ಲಿ ಮೂರು ಇಟ್ಟಿದ್ದೆನೇ ಎಂದು ನನ್ನನ್ನು ಕೇಳಿದ. ನನಗೇನು ಗೊತ್ತು? ನಮ್ಮ ಬೀದಿಯ ಮಕ್ಕಳು ಒಂದು ಮನೆಯಲ್ಲಿ ಉಂಡು ಇನ್ನೊಂದರಲ್ಲಿ ಮಲಗುವಂಥವು. ಯಾವುದು ಯಾರದ್ದೆಂದು ನನಗೆ ಎಂದೂ ಬಗೆಹರಿದಿಲ್ಲ. ಜುಂಜಮ್ಮನನ್ನು ಕೇಳಿದರೆ ಅವಳು ಖಾಕಿ ಅಂಗಿಯನ್ನೇ ನೋಡುತ್ತ, "ಎರಡೇ ಸಾಮಿ" ಎಂದು ಕೈಮುಗಿದಳು.

ದಿನವೂ 'ಲೇ ಕೆಂಚ' ಎನ್ನುತ್ತಿದ್ದ ಮುದುಕಿ ಸಾಮಿ ಅಂದದ್ದೇ ಅವನನ್ನು ಚುಚ್ಚಿರಬೇಕು. ಅಂಗಿ ಬಿಚ್ಚಿ ನನ್ನ ಮೇಲೆ ಎಸೆದು, ಬನಿಯನ್ನಿನಲ್ಲೇ ಅವಳ ಮುಂದೆ ಕುಕ್ಕರಿಸಿದ.

"ಅಜ್ಜೀ, ನಾನು ಕೆಂಚ. ನಿನ್ನ ಕುಪ್ಸ ಹೊಲಿಯೋನು. ಎಷ್ಟು ಮಕ್ಳವೆ ಹೇಳು."

"ಮೂರು ಕಣಪ್ಪ. ಇನ್ನೊಬ್ಳು ಏಕಾಂತಿ, ಹಿತ್ಲಾಗಿಂದ ಓಡಿರ್ತಾಳೆ. ಖಾಕಿ ಕಂಡ್ರೆ ಚಂದ್ರಕ್ಕನ ಮನೆ ಸೇರ್ಕ ಅಂತ ನಾವೇ ಕಲಿಸೀವಿ."

ಪಕ್ಕದ ಮನೆಯ ಚಂದ್ರಕ್ಕ ಅಲ್ಲೇ ಕೊಡ ಹಿಡಿದು ನಿಂತಿದ್ದಳು. ತನ್ನ ಮನೆಗೆ ಯಾರೂ ಬಂದಿಲ್ಲವೆಂದಳು. ಜುಂಜಮ್ಮನ ಮುಖ ಸುಣ್ಣವಾಯಿತು.

ಕೆಂಚಣ್ಣ ಆಗಲೇ ಒಳಗಿದ್ದ. ನಾನು ಅಂಗಿ ಹಿಡಿದುಕೊಂಡು ಬಾಗಿಲಿಗೂ ಬೀದಿಗೂ ಓಡಾಡಿದೆ. ಅದರಿಂದ ಯಾರಿಗೆ ಉಪಕಾರವಾಯಿತೋ ತಿಳಿಯದು. ಹಿತ್ತಲ ಬಾಗಿಲಲ್ಲಿ ಹೊಗೆ ಕಂಡು ಹೆದರಿದ ಹುಡುಗಿ ರಾಗಿ ತುಂಬುವ ದೊಡ್ಡ ಮಣ್ಣಿನ ಖಾಲಿ ವಾಡೆಯೊಳಗೆ ಇಳಿದು ಕೂತಿದ್ದಳಂತೆ. ಮೊದಲ ಸಲ ಕೆಂಚಣ್ಣ ಕೂಗಿದಾಗಲೂ ಇಣುಕಿ ನೋಡಿ, ಖಾಕಿ ಕಂಡು, ತಲೆ ತಗ್ಗಿಸಿಕೊಂಡಿದ್ದಳಂತೆ.

ಅವನು ಕೆಮ್ಮುತ್ತ ಬಂದು ಅವಳನ್ನು ಅಜ್ಜಿಯ ಮಡಿಲಿಗೆ ಹಾಕಿದ. ಮೈಯೆಲ್ಲ ಮಸಿಯಾಗಿದ್ದ ಏಕಾಂತಿ ಅಳಲಿಲ್ಲ. ಸಿಟ್ಟಿನಿಂದ ಅಜ್ಜಿಯನ್ನು ದಿಟ್ಟಿಸಿದಳು.

"ಹೇಳ್ಬಿಟ್ಯಾ ಅಜ್ಜಿ?"

"ಹೇಳ್ಬಿಟ್ಟೆ ಕಣೇ" ಎಂದು ಜುಂಜಮ್ಮ ಅವಳನ್ನು ಅವುಚಿಕೊಂಡಳು.