ಭಾವನ ಕೈಗೆ ಸಿಕ್ಕಿದ ಟ್ರ್ಯಾಕ್‌ಬಾಲ್

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಆಗಿತ್ತು. ಹಾಸನದ ವಿಡಿಯೋ ಗೇಮ್ ಅಂಗಡಿಯಲ್ಲಿದ್ದಂಥ ಪೆಟ್ಟಿಗೆಯನ್ನು ನಾನೇ ಮಾಡುತ್ತೇನೆಂದು ಹೊರಟಿದ್ದೆ. ಹಳೇ ಕಂಪ್ಯೂಟರು, ಪ್ಲೈವುಡ್ ಹಲಗೆ, ನಾಲ್ಕು ಬಟನ್ನು ಹೊಂದಿಸಿದ್ದಾಯಿತು. ಅಂಗೈಯಿಂದ ಚೆಂಡು ಉರುಳಿಸಿ ಆಡಲು ಅಗ್ಗದ ಟ್ರ್ಯಾಕ್‌ಬಾಲ್ ಒಂದನ್ನು ತಂದೆ. ಹಲಗೆಯ ತೂತಿನಿಂದ ಚೆಂಡು ಇನ್ನಷ್ಟು ಮೇಲೆ ಬರಲಿ ಎಂದು ಬಿಸಿ ಚಾಕುವಿನಲ್ಲಿ ಅದರ ಮೈ ಕೊಯ್ದೆ. ಆತುರಗಾರನಿಗೆ ಬುದ್ಧಿ ಮಟ್ಟ. ಚೆಂಡಿನಡಿಯ ಸಣ್ಣ ಉರುಳೆ ಕೂರುವ ಜಾಗವೇ ಕರಗಿಹೋಯಿತು.

ನಾನು ಪಾಠ ಮಾಡುತ್ತಿದ್ದ ಶಾಲೆಗೆ ದಸರಾ ರಜೆ ಬಂದಾಗ ಎಲ್ಲವನ್ನೂ ಹೊತ್ತು ಚನ್ನರಾಯಪಟ್ಟಣದ ಅಕ್ಕನ ಮನೆಗೆ ಹೋದೆ. ಭಾವ ವಾಚು ರಿಪೇರಿಯವರು. ಅವರ ಬಲಗೈ ನಡುಗಲು ಶುರುವಾಗಿತ್ತು. ಗಿರಾಕಿಯೊಬ್ಬ ಅದನ್ನು ನೋಡಿ, ಕೊಟ್ಟ ವಾಚನ್ನು ಮೆಲ್ಲಗೆ ವಾಪಸ್ ಎತ್ತಿಕೊಂಡು ಹೋದ ಮೇಲೆ ಅವರು ಅಂಗಡಿ ಬಾಗಿಲು ತೆಗೆದಿರಲಿಲ್ಲ. ಯಾರಾದರೂ ಬಂದರೆ ಕೋಣೆ ಸೇರಿಬಿಡುತ್ತಿದ್ದರು.

ಅಕ್ಕ ಅಡುಗೆಮನೆಗೆ ಕರೆದು ಗದರಿದಳು. "ಅವ್ರ ಕೈಗೆ ಕೊಡ್ಬ್ಯಾಡ ಕಣೋ. ಆಗ್ದೇ ಓದ್ರೆ ಇನ್ನೂ ಕುಗ್ಗೋಯ್ತಾರೆ."

ಅಷ್ಟರಲ್ಲಿ ಭಾವ ಚೀಲದಿಂದ ಟ್ರ್ಯಾಕ್‌ಬಾಲ್ ತೆಗೆದು ನೋಡುತ್ತಿದ್ದರು. "ಯಾವ ಕಟುಕ ಕುಯ್ದನ್ಲಾ ಇದ್ನ?"

"ನಾನೇ ಭಾವ."

"ಗೊತ್ತಾಯ್ತದೆ ಬುಡು."

ಕೋಣೆಯ ಬಾಗಿಲು ಹಾಕಿಕೊಂಡರು. ಟಾರ್ಚ್ ಹಿಡಿಯಲು ನಾನೊಬ್ಬನೇ ಒಳಗೆ. ಕೆಟ್ಟ ಅಲಾರಂ ಗಡಿಯಾರದಿಂದ ಒಂದು ಹಿತ್ತಾಳೆ ಚೂರು ಬಿಚ್ಚಿ, ಅದರ ತೂತಿನಲ್ಲಿ ಉರುಳೆಯ ತುದಿ ಕೂರುವಂತೆ ಅರದಿಂದ ಉಜ್ಜಿ, ಕರಗಿದ ಜಾಗದಲ್ಲಿ ಕೂರಿಸಲು ಹೊರಟರು. ಮುಂಗೈಯನ್ನು ಅಕ್ಕಿ ಚೀಲದ ಮೇಲೆ ಒತ್ತಿಟ್ಟುಕೊಂಡರು. ನಡುಕ ನಿಲ್ಲಲಿಲ್ಲ, ಸಣ್ಣದಾಯಿತು. ಚಿಮಟ ಜಾರಿದಾಗಲೆಲ್ಲ ಕೈ ತೆಗೆದು, ಒಂದು ಉಸಿರು ಬಿಟ್ಟು, ಮತ್ತೆ ಮೊದಲಿಂದ. ಎಷ್ಟು ಸಲವೋ ಲೆಕ್ಕವಿಲ್ಲ. ನಾನಾಗಿದ್ದರೆ ಎರಡನೇ ಸಲಕ್ಕೇ ಗೋಡೆಗೆ ಎಸೆಯುತ್ತಿದ್ದೆ. ಆ ಮನುಷ್ಯನ ಕಾಲಿಗೆ ಬೀಳಬೇಕು ಅನಿಸಿತು.

ಸಂಜೆಗೆ ಚೆಂಡು ಬೆರಳು ತಾಗಿದರೆ ಸಾಕು, ಉರುಳುತ್ತಿತ್ತು. ಹೊರಗೆ ಹೋಗುವ ಮುಂಚೆ ಭಾವ ಮೆಲ್ಲಗೆ ಅಂದರು, "ನೀನೇ ಮಾಡ್ದೆ ಅನ್ನು. ನನ್ ಎಸ್ರು ಎತ್ಬ್ಯಾಡ."

ಮಾರನೆಯ ದಿನ ಆಯುಧಪೂಜೆ. ಅಕ್ಕ ಹೊಲಿಗೆ ಯಂತ್ರ, ಮಿಕ್ಸಿ, ಸೈಕಲ್ಲಿಗೆಲ್ಲ ಅರಿಶಿನ ಕುಂಕುಮ ಇಟ್ಟಳು. ಚೆಂಡನ್ನು ಬಿಡುತ್ತಾಳೆಯೇ? ಅದಕ್ಕೂ ಭಕ್ತಿಯಿಂದ ಗಂಧ ಮೆತ್ತಿದಳು. ವಿಜಯದಶಮಿಯ ಮಧ್ಯಾಹ್ನ ಬೀದಿಯವರು ಆಟ ನೋಡಲು ಬಂದು ನಡುಮನೆ ತುಂಬ ಕೂತರು. ಗಂಧ ಒಳಗಿಳಿದು ಒಣಗಿತ್ತು. ಚೆಂಡು ಮಿಸುಕಲಿಲ್ಲ.

ಪಕ್ಕದ ಮನೆಯವರು ನಕ್ಕರು. "ಮೇಷ್ಟ್ರು ಪಾಠ ಮಾಡೋದೇ ವಾಸಿ ಕಣಪ್ಪ."

ನಾನೇ ಮಾಡಿದ್ದೆಂದು ಎಲ್ಲರಿಗೂ ಹೇಳಿದ್ದೆ; ಉಗುರಿನಿಂದ ಗಂಧ ಕೆರೆಯತೊಡಗಿದೆ. ಭಾವ ಕೋಣೆಯಿಂದ ಹೊರಗೆ ಬಂದರು.

"ಮಾಡಿದ್ದು ಅವ್ನಲ್ಲ," ಅಂದರು. "ನಾನು."

ಅಷ್ಟು ಜನರ ನಡುವೆ ಹಲಗೆಯ ಮುಂದೆ ಕೂತು, ನಡುಗುತ್ತಿದ್ದ ಬಲಗೈಯನ್ನು ನನ್ನತ್ತ ಚಾಚಿದರು. "ಸ್ಕ್ರೂಡ್ರೈವರ್ ಕೊಡ್ಲಾ."